ಅಮ್ಮನ ದನಿ ಹೋದ ವಾರ

ಡಬ್ಬಿರಾಯರ ಹಿಂದಿನ ಸೀಟು,
ಭಾನುವಾರ, ಊಟದ ನಂತರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಹಾಸ್ಟೆಲ್ಲಿನ ಹುಡುಗಿಯರು ನಿನಗೆ ಇಟ್ಟಿದ್ದ ‘ಬೀಗಮ್ಮ’ ಎಂಬ ಹೆಸರು ಇನ್ನೂ ನಡೆಯುತ್ತಿದೆಯೋ, ಹೊಸದು ಬಂತೋ? ಬಂದಿದ್ದರೂ ಹಳೆಯದನ್ನು ಬಿಡಬೇಡ. ವಾರ್ಡನ್ ಒಬ್ಬಳಿಗೆ ಅದಕ್ಕಿಂತ ದೊಡ್ಡ ಬಿರುದು ಸಿಗಲಾರದು. ಇತ್ತ ನಾವೆಲ್ಲರೂ ಕ್ಷೇಮ. ಹಾಗೆ ಬರೆಯುವುದು ಪದ್ಧತಿ, ಅದಕ್ಕೇ ಬರೆದೆ. ಫೋನ್ ಬಿಟ್ಟು ಕಾಗದ ಯಾಕೆ ಹಿಡಿದ ಇವನು ಎನ್ನುತ್ತೀಯ. ಫೋನ್ ಮಾಡಿದರೆ ಅಪ್ಪ ಅದನ್ನು ಕಿತ್ತುಕೊಂಡು ಸ್ಪೀಕರ್ ಹಾಕಿ ಊಟದ ಮೇಜಿನ ನಡುವೆ ಇಡುತ್ತಾರೆ. ಮೆಸೇಜ್ ಕಳಿಸಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮಲಗಿಬಿಡುತ್ತೀಯ. ಈ ಸುದ್ದಿಗೆ ಹೆಬ್ಬೆರಳು ಸಾಲುವುದಿಲ್ಲ.

ಮೊದಲನೆಯದಾಗಿ, ನಾನು ಸುಸ್ತಾಗಿದ್ದೇನೆ. ತಮಾಷೆಗೆ ಹೇಳುತ್ತಿಲ್ಲ. ಈ ವಾರವಿಡೀ ನಮ್ಮ ಮನೆಯ ಪುರಾತನ ಕಾರು, ಶ್ರೀಮಾನ್ ಡಬ್ಬಿರಾಯರ ಸಾರಥ್ಯ ನನ್ನ ತಲೆಗೆ ಬಿದ್ದಿದೆ. ರಾಯರ ಗುಣ ನಿನಗೆ ಗೊತ್ತಲ್ಲ. ಬೆಳಿಗ್ಗೆ ಕೆಮ್ಮದೆ ಏಳುವವರಲ್ಲ. ಎರಡನೇ ಗೇರಿಗೆ ಬೀಳಬೇಕಾದರೆ ಬೇಡಿಕೊಳ್ಳಬೇಕು. ಹಿಂದಿನ ಡಿಕ್ಕಿ ಬಾಗಿಲು ತಾನಾಗಿ ನಿಲ್ಲುವುದನ್ನು ಮರೆತು ಎಷ್ಟೋ ಕಾಲವಾಯಿತು; ಪೊರಕೆಯ ಕೋಲು ಕೊಟ್ಟು ನಿಲ್ಲಿಸಬೇಕು, ಸ್ವಲ್ಪ ಮೈಮರೆತರೆ ನನ್ನ ತಲೆಯ ಮೇಲೇ ಮುಚ್ಚಿಕೊಳ್ಳುತ್ತದೆ. ಇಂಥವರಲ್ಲಿ ಬೆಳಿಗ್ಗೆ ಅಮ್ಮನನ್ನೂ ಸಮವಸ್ತ್ರದ ಗಂಟುಗಳನ್ನೂ ಹೊಲಿಗೆ ಅಂಗಡಿಗೆ ಮುಟ್ಟಿಸಿ, ಅಪ್ಪನನ್ನು ಬಣ್ಣದಂಗಡಿಗೆ ಬಿಟ್ಟು, ಮನೆಗೆ ಬಂದು ಸೀಟು ಮಡಚಿ, ಅಜ್ಜಿಯ ವಾಕರ್ ತುರುಕಿ, ಅಜ್ಜಿಯನ್ನೂ ಹೆಚ್ಚುಕಡಿಮೆ ತುರುಕಿ, ಮಂಡಿ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಸಂಜೆ ಇದನ್ನೆಲ್ಲ ಹಿಂದುಮುಂದಾಗಿ ಮಾಡಬೇಕು. ಪರೀಕ್ಷೆ ಮುಗಿಸಿ ಆರಾಮಾಗಿ ಕೂತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ನನ್ನದೇ ತಪ್ಪು. ಅಜ್ಜಿಯಂತೂ ಪ್ರತಿ ಗುಂಡಿಗೂ ‘ಅಯ್ಯೋ ಪಾಪಿ’ ಎನ್ನುತ್ತಾಳೆ. ರಸ್ತೆಗೆ ಹೇಳುತ್ತಾಳೋ ನನಗೆ ಹೇಳುತ್ತಾಳೋ ಕೇಳುವ ಧೈರ್ಯ ನನಗಿಲ್ಲ.

ಇದಕ್ಕೆಲ್ಲ ಕಾರಣ ಅಮ್ಮನ ಗಂಟಲು. ಹೋದ ಶನಿವಾರ ದನಿ ಕಟ್ಟಿಹೋಯಿತು. ಗಂಟಲು ನೋಡಿದ ಡಾಕ್ಟರು ಹತ್ತು ದಿನ ಒಂದೇ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದರು. ನಾನು ಅಡುಗೆಮನೆ ಬಾಗಿಲಿಗೆ ‘ಶಾಂತಿ ವಲಯ, ಹಾರ್ನ್ ನಿಷೇಧಿಸಲಾಗಿದೆ’ ಎಂದು ಗಂಭೀರವಾಗಿ ಬೋರ್ಡು ಬರೆದು ಅಂಟಿಸಿದೆ. ಅಮ್ಮ ಸೌಟಿನಲ್ಲಿ ಒಂದು ಕೊಟ್ಟಳು, ಆದರೆ ನಕ್ಕಳು. ನನ್ನ ನಿಜವಾದ ಸಂತೋಷ ಕಾರಿನ ವಿಷಯದಲ್ಲಿತ್ತು. ಅಪ್ಪ ಓಡಿಸುವಾಗ ಪಕ್ಕದ ಸೀಟಿನಿಂದ ಅಮ್ಮ ಮಾಡುತ್ತಿದ್ದ ನೇರ ಪ್ರಸಾರ ನಿನಗೆ ನೆನಪಿರಬೇಕು: ‘ಸೈಕಲ್ ಬಂತು, ನಿಧಾನ, ಲಾರಿಯವನಿಗೆ ಬಿಡಿ, ನಾಯಿ ಇದೆ ನೋಡಿ, ಆ ಹುಡುಗಿ ಫೋನ್ ನೋಡ್ಕೊಂಡೇ ದಾಟ್ತಾಳೆ ರೀ.’ ನೀನು ಹೋದಮೇಲೆ ಈ ಪ್ರಸಾರ ಇನ್ನೂ ಜೋರಾಗಿತ್ತು. ಬಾಯಿಗೆ ಬಿಡುವೇ ಇಲ್ಲ. ಅಪ್ಪ ಒಂದು ದಿನವೂ ‘ಸಾಕು ಸುಮ್ನಿರೇ’ ಎಂದವರಲ್ಲ. ಕೀ ತಿರುಗಿಸುವ ಮೊದಲು ‘ಹೋಗೋಣ್ವಾ?’ ಎಂದು ಕೇಳುತ್ತಾರೆ, ಅಮ್ಮ ‘ಹೂಂ’ ಎಂದಮೇಲೆಯೇ ರಾಯರು ಕೆಮ್ಮುವುದು. ಎಂಥಾ ತಾಳ್ಮೆಯ ಗಂಡ ಎಂದು ನಾನು ಮನಸ್ಸಿನಲ್ಲೇ ಅಪ್ಪನಿಗೆ ಒಂದು ಪದಕ ಕೊಟ್ಟುಬಿಟ್ಟಿದ್ದೆ.

ಆದರೆ ಅಮ್ಮನ ಬಾಯಿ ಮುಚ್ಚಿದ್ದೇ ತಡ, ಅಪ್ಪ ಓಡಿಸುವುದನ್ನೇ ಬಿಟ್ಟರು. ಸೋಮವಾರ ಕ್ಲಚ್ ಗಟ್ಟಿ ಎಂದರು. ಮಂಗಳವಾರ ಪೆಟ್ರೋಲ್ ವಾಸನೆಗೆ ತಲೆಸುತ್ತು. ಬುಧವಾರ ‘ಕಲೀಲಿ ಬಿಡು, ಅವನೂ ಗಂಡುಮಗ’ ಎಂದರು. ಗಂಡುಮಗ ಎನ್ನುವುದಕ್ಕೂ ವಾಕರ್ ಹೊರುವುದಕ್ಕೂ ಏನು ಸಂಬಂಧ ಎಂದು ಅಜ್ಜಿಯೇ ಕೇಳಿದಳು. ಗುರುವಾರ ಬೆಳಿಗ್ಗೆ ನನಗೆ ಸಾಕಾಗಿಹೋಗಿತ್ತು. ಊಟದ ಕುರ್ಚಿಯ ಮೇಲೆ ಹತ್ತಿ ನಿಂತು, ‘ಮಾನ್ಯ ಹಿರಿಯ ಚಾಲಕರು ಹೆಂಡತಿಯ ಅಪ್ಪಣೆಯಿಲ್ಲದೆ ಸ್ಟೀರಿಂಗ್ ಮುಟ್ಟಲಾರದೆ ಇಂದಿನಿಂದ ನಿವೃತ್ತರಾಗುತ್ತಿದ್ದಾರೆ’ ಎಂದು ಬೀಳ್ಕೊಡುಗೆ ಭಾಷಣ ಮಾಡಿದೆ. ಅಪ್ಪ ನಗಲಿಲ್ಲ. ‘ಕೊಡೋ ಇಲ್ಲಿ ಕೀ’ ಎಂದರು.

ಅಮ್ಮ ಓಡಿಬಂದು ಪಕ್ಕದಲ್ಲಿ ಕೂತಳು. ಬೆರಳಲ್ಲಿ ಹೊಲಿಗೆಯ ಟೊಪ್ಪಿಗೆ ಹಾಗೇ ಇತ್ತು, ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುತ್ತಾಳಲ್ಲ, ಆ ಉಕ್ಕಿನದು. ಅವಸರದಲ್ಲಿ ತೆಗೆಯಲು ಮರೆತಿದ್ದಾಳೆ ಎಂದುಕೊಂಡೆ. ನಾನೂ ಅಜ್ಜಿಯೂ ಹಿಂದೆ. ‘ಹೋಗೋಣ್ವಾ?’ ಎಂದರು ಅಪ್ಪ. ಡ್ಯಾಶ್‌ಬೋರ್ಡಿನ ಮೇಲೆ ಅಮ್ಮನ ಟೊಪ್ಪಿಗೆ ಟಕ್ ಎಂದಿತು. ರಾಯರು ಹೊರಟರು. ಬೀದಿ ತಿರುವಿನಲ್ಲಿ ಟಕ್, ಅಪ್ಪ ನಿಧಾನ ಮಾಡಿದರು, ಅಮ್ಮನ ಕಡೆಯಿಂದ ಒಂದು ಸೈಕಲ್ ಹಾದುಹೋಯಿತು. ಟಕ್ ಟಕ್, ಅಪ್ಪ ನಿಲ್ಲಿಸಿದರು, ಒಬ್ಬಾಕೆ ಮಗುವಿನ ಕೈಹಿಡಿದು ದಾಟಿದಳು. ಅಪ್ಪ ಆ ಕಡೆ ಒಂದು ಸಲವೂ ನೋಡಲಿಲ್ಲ, ಅಕ್ಕಾ. ಟಕ್ ಎಂದರೆ ನಿಧಾನ, ಅಷ್ಟೇ.

ಬೇಕರಿಯ ಹತ್ತಿರ ರಾಯರು ಗುಂಡಿಗೆ ಇಳಿದು ಎದ್ದರು, ಟೊಪ್ಪಿಗೆ ಬೆರಳಿಂದ ಜಾರಿ ಸೀಟಿನ ಕೆಳಗೆ ಉರುಳಿತು. ಅಮ್ಮ ಅದನ್ನು ಹುಡುಕಲು ಬಗ್ಗಿದಳು. ಅಷ್ಟರಲ್ಲಿ ನೀರಿನ ಕ್ಯಾನುಗಳ ತಳ್ಳುಗಾಡಿಯವನು ಅಮ್ಮನ ಕಡೆಯಿಂದ ರಸ್ತೆಗೆ ಇಳಿದ. ಹಗಲು ಬೆಳಕು, ನೀಲಿ ಕ್ಯಾನುಗಳು, ಕುರುಡನಿಗೂ ಕಾಣಬೇಕು. ಅಪ್ಪ ಹಾಡುಹಗಲಲ್ಲಿ ನೆಟ್ಟಗೆ ಅವನ ಮೇಲೆಯೇ ಹೋಗುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತಲೆ ಎತ್ತಿ ‘ರೀ!’ ಎಂದಳು. ಅದು ದನಿಯಲ್ಲ, ಬಟ್ಟೆ ಹರಿದ ಹಾಗಿತ್ತು. ಬ್ರೇಕ್ ಬಿತ್ತು. ಗಾಡಿಯಿಂದ ಒಂದು ಕ್ಯಾನು ಬಿದ್ದು ಉರುಳಿತು, ಪುಣ್ಯಕ್ಕೆ ಅಷ್ಟೇ. ಗಾಡಿಯವನು ಕಿಟಕಿಗೆ ಬಂದು, ‘ಏನ್ ಸಾರ್, ಕಣ್ಣು ಮನೇಲೇ ಬಿಟ್ಟು ಬಂದ್ರಾ?’ ಎಂದ. ಅಪ್ಪ ಅವನನ್ನು ನೋಡಲು ಇಡೀ ಕುತ್ತಿಗೆಯನ್ನೇ ತಿರುಗಿಸಬೇಕಾಯಿತು. ಆಮೇಲೆ ಇಳಿದರು. ಬಾನೆಟ್ಟಿನ ಮೇಲೆ ಕೈ ಆನಿಸಿಕೊಂಡು, ಗೋಡೆ ಹಿಡಿದು ನಡೆಯುವವರ ಹಾಗೆ ಈ ಕಡೆ ಬಂದು ನನ್ನ ಬಾಗಿಲು ತೆಗೆದು ಕೀ ಕೊಟ್ಟರು. ‘ನೀನೇ ಓಡ್ಸು. ನಂಗೆ ಮಂಡಿ ನೋವು’ ಎಂದರು. ಅಜ್ಜಿ, ‘ಮಂಡಿನೂ ನಂದು, ನೋವೂ ನಂದೇ ಕಣೋ, ಅದನ್ನೂ ಕಿತ್ಕೋಬೇಡ’ ಎಂದಳು. ಯಾರೂ ನಗಲಿಲ್ಲ, ಹೇಳಿದ ಅಜ್ಜಿಯೂ.

ಅವತ್ತು ಸಂಜೆ ಅಮ್ಮ ಡಾಕ್ಟರ ಮಾತು ಮುರಿದು ಪಿಸುಗುಟ್ಟಿದಳು: ‘ನಾನು ಸುಮ್ನಿದ್ರೆ ಅವರಿಗೆ ನನ್ನ ಕಡೆ ರಸ್ತೇನೇ ಇರಲ್ಲ ಕಣೋ.’ ನೀನು ಹಾಸ್ಟೆಲ್ಲಿಗೆ ಹೋದ ವರ್ಷದಿಂದಲೇ ಅಪ್ಪನ ಆ ಕಡೆಯ ಕಣ್ಣು, ಎಡಗಣ್ಣು, ಮಂಕಾಗುತ್ತಾ ಬಂದಿದೆಯಂತೆ. ಅಪ್ಪ ಯಾರಿಗೂ ಹೇಳಕೂಡದು ಎಂದಿದ್ದಾರಂತೆ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಕಾರು ಬಿಡಿಸುತ್ತಾರೆ, ಕಾರು ಬಿಟ್ಟರೆ ತಾನು ಮೂಲೆಗೆ ಬೀಳುತ್ತೇನೆ ಎಂಬ ಹೆದರಿಕೆ. ಈಗ ನನಗೆ ಎಲ್ಲವೂ ಒಂದೊಂದಾಗಿ ಕಾಣುತ್ತಿದೆ. ಬಣ್ಣದಂಗಡಿಯಲ್ಲಿ ಅಪ್ಪ ಸ್ಟೂಲು ಬದಲಾಯಿಸಿ, ಆ ಕಡೆಗೆ ಗೋಡೆ ಬರುವ ಹಾಗೆ ಕೂತಿದ್ದು. ನಡೆಯುವಾಗ ಅಮ್ಮ ಯಾವಾಗಲೂ ಒಂದೇ ಪಕ್ಕದಲ್ಲಿ ಇರುವುದು. ಈ ವರ್ಷ ನನ್ನ ಕೀಟಲೆಗಳೆಲ್ಲ ಎಂದೂ ಇಲ್ಲದಷ್ಟು ಚೆನ್ನಾಗಿ ಗೆದ್ದದ್ದು: ಕನ್ನಡಕವನ್ನು ಬಚ್ಚಿಡುವುದೂ ಬೇಡ, ಮೇಜಿನ ಆ ತುದಿಗೆ ಸರಿಸಿದರೆ ಸಾಕು, ಅಪ್ಪ ಮನೆಯೆಲ್ಲ ಹುಡುಕುತ್ತಿದ್ದರು. ನನ್ನ ಕೈಚಳಕಕ್ಕೆ ನಾನೇ ಬೆರಗಾಗಿದ್ದೆ. ಗಂಟಲಿನ ಡಾಕ್ಟರ ಹತ್ತಿರ, ‘ನನ್ನ ಸ್ನೇಹಿತನ ಮಾವನಿಗೆ ಹೀಗಾಗಿದೆ’ ಎಂದು ನಾಟಕವಾಡಿ ಕೇಳಿದೆ. ಹೋದದ್ದು ಬರುವುದಿಲ್ಲ, ಬೇಗ ತೋರಿಸಿದರೆ ಉಳಿದದ್ದನ್ನು ಉಳಿಸಬಹುದು ಎಂದರು. ನಿನ್ನೆ ಅಪ್ಪನಿಗೆ ಅದನ್ನೇ ಹೇಳಿದೆ. ‘ನಿನ್ನ ತಮಾಷೆ ಕೇಳೋಕೆ ನಂಗೆ ಪುರುಸೊತ್ತಿಲ್ಲ’ ಎಂದುಬಿಟ್ಟರು. ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು ನೋಡು ನನ್ನದು.

ಇಲ್ಲಿ ಪೆನ್ನು ನಿಲ್ಲಿಸಬೇಕಾಯಿತು. ಅಪ್ಪ ಬಂದಿದ್ದರು. ಶೆಡ್ಡಿನ ಬಾಗಿಲು ಸರಿಸಿ, ಡ್ರೈವರ್ ಸೀಟಿನಲ್ಲಿ ಕೂತು, ಬರಿಗೈಯಲ್ಲಿ ಸ್ಟೀರಿಂಗ್ ಹಿಡಿದರು. ನಾನು ಅಮ್ಮನ ಸೀಟಿನ ಹಿಂದೆ ಕಾಲು ಮಡಚಿ ಕೂತಿದ್ದೇನೆ. ಅವರಿಗೆ ನಾನು ಕಾಣಲಿಲ್ಲ. ಕಿವಿಯ ಹತ್ತಿರ ಒಂದು ‘ಭೋ’ ಎಂದಿದ್ದರೆ ನನ್ನ ಜೀವಮಾನದ ದೊಡ್ಡ ಕೀಟಲೆಯಾಗುತ್ತಿತ್ತು. ಉಸಿರು ಬಿಗಿಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಅಪ್ಪ, ಖಾಲಿ ಸೀಟಿನ ಕಡೆಗೆ, ‘ಹೋಗೋಣ್ವಾ?’ ಎಂದರು. ಆಮೇಲೆ ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ ಎದ್ದುಹೋದರು. ಒರೆಸಿದ್ದು ಅರ್ಧ ಗಾಜನ್ನು ಮಾತ್ರ.

ಅಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ನಾನು ಗುಂಡಿ ಹುಡುಕಿ ಹುಡುಕಿ ಇಳಿಸುತ್ತೇನೆ ಎಂಬ ದೂರನ್ನೂ. ಅಮ್ಮ ಕೈಸನ್ನೆಯಲ್ಲಿ ಏನೋ ಹೇಳಿದಳು. ಚೆನ್ನಾಗಿ ಊಟ ಮಾಡು ಎಂದಿರಬೇಕು, ಅವಳ ಎಲ್ಲ ಸನ್ನೆಗೂ ಅದೇ ಅರ್ಥ. ಸೊಂಟ ಜೋಪಾನ.

ಇಂತಿ ನಿನ್ನ ತಮ್ಮ,
ಡಬ್ಬಿರಾಯರ ಖಾಸಾ ಸಾರಥಿ

ತಾ.ಕ.: ಕಾರಿನ ಒಂದು ಕೀ ನನ್ನ ಜೇಬಿನಲ್ಲಿದೆ, ಇನ್ನೊಂದು ನಿನ್ನ ಹತ್ತಿರ ಇದೆ. ನೀನು ಓಡಿಸಲು ಕಲಿತಾಗ ಅಪ್ಪ ಕೊಟ್ಟದ್ದು, ನಿನ್ನ ಗೊಂಚಲಿನಲ್ಲೇ ಇರಬೇಕು. ಇವತ್ತು ಊಟದ ಹೊತ್ತಿಗೆ ಅಪ್ಪ ‘ಆ ಇನ್ನೊಂದು ಕೀ ಎಲ್ಲಿಟ್ಟೆ?’ ಎಂದು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ನೆನಪಾದ ಕೂಡಲೇ ನಿನಗೆ ಫೋನ್ ಬರುತ್ತದೆ. ಕಳೆದುಹೋಯಿತು ಎನ್ನಬೇಡ, ಬೀಗದವನ ಹತ್ತಿರ ಹೋಗಿ ಹೊಸದು ಮಾಡಿಸಿಕೊಳ್ಳುತ್ತಾರೆ. ‘ನನ್ನ ಹತ್ರಾನೇ ಇದೆ ಅಪ್ಪಾ, ನಾನೇ ತರ್ತೀನಿ, ಅಲ್ಲೀವರೆಗೂ ಮುಟ್ಟಬೇಡಿ’ ಎನ್ನು. ನಿನ್ನ ಮಾತಾದರೆ ಕಾಯುತ್ತಾರೆ. ಆಮೇಲೆ ನಿಜವಾಗಿಯೂ ಬಾ, ಬೇಗ ಬಾ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ನೀನೇ ಓಡಿಸು. ದಾರಿಯುದ್ದಕ್ಕೂ ಅವರು ‘ನಿಧಾನ, ಸೈಕಲ್ ಬಂತು’ ಎನ್ನಬಹುದು. ಅಲ್ಲಿ ಸೈಕಲ್ ಇರಲಿ ಬಿಡಲಿ, ‘ಹೂಂ’ ಎನ್ನು.