ಅರ್ಧ ಕಡಿದ ಮಾವು

ಉರ್ವ, ಮಂಗಳೂರು
೨೪ ಮೇ ೧೯೮೪

ಪ್ರೀತಿಯ ತಂಗಿ ಜಲಜಾಕ್ಷಿ,

ಬೊಂಬಾಯಿಯಲ್ಲಿ ನೀನೂ ಭಾವನೂ ಮಕ್ಕಳೂ ಸೌಖ್ಯವೆಂದು ತಿಳಿಯುತ್ತೇನೆ. ನಿನ್ನ ಮಂಡಿನೋವು ಹೇಗುಂಟು? ಮೂರು ಮಾಳಿಗೆ ದಿನಕ್ಕೊಮ್ಮೆ ಹತ್ತಿದರೆ ಸಾಕು, ಉಳಿದದ್ದಕ್ಕೆ ಭಾವನನ್ನು ಕಳಿಸು, ಹೋಟೆಲಿನ ಗಲ್ಲಾದಲ್ಲಿ ಕೂತು ಬೆಳೆದ ಹೊಟ್ಟೆಗೂ ಅದು ಒಳ್ಳೆಯದು. ನಾನು ಇದ್ದೇನೆ. ಕಂಕನಾಡಿಯ ಡಾಕ್ಟರರ ಹತ್ತಿರ ಹೋಗಿದ್ದೆ, ಆ ವಿಷಯ ಆಮೇಲೆ. ತಾರಾನಾಥ ಬ್ಯಾಂಕಿಗೆ ಹೋಗಿ ಬರುತ್ತಾನೆ. ಸೊಸೆ ಸ್ನೇಹಲತಾ ನನಗೆ ಉಪ್ಪಿಲ್ಲದ ಗಂಜಿ ಕೊಡುತ್ತಾಳೆ. ಅಂಥ ಸಪ್ಪೆ ಗಂಜಿಗೆ ಕಾಲೇಜಿನಲ್ಲಿ ಕಲಿತ ಒಂದು ಇಂಗ್ಲಿಷ್ ಶಬ್ದವಿತ್ತು, ಇನ್‌ಸಿಪಿಡೋ ಇನ್‌ಸಾಲ್ವೆಂಟೋ, ಈಗ ಗಂಜಿ ಮಾತ್ರ ಉಳಿದಿದೆ.

ಮರದ ವಿಷಯ ಕೇಳಿದ್ದೆಯಲ್ಲ. ಹಿತ್ತಲಿನ ಮಾವು ನೆರೆಯ ಮಗ್ದಲೀನ್ ಬಾಯಿಯ ಅಡುಗೆಮನೆಯ ಮೇಲೆ ಇನ್ನಷ್ಟು ಬಾಗಿದೆ. ನಿನ್ನ ಮೇಲೆ ದೂರು ಹೇಳುತ್ತಿಲ್ಲ, ಆದರೆ ಬುಡದಿಂದ ಹೇಳದಿದ್ದರೆ ನನಗೆ ಕತೆ ಬರುವುದಿಲ್ಲ. ನಿನ್ನ ಅತ್ತಿಗೆ ಕುಶಲಾ ತೀರಿಕೊಂಡ ದಿನ ಅಣ್ಣು ಮಾವ ಕೊಡಲಿಯವರನ್ನು ಕರೆದುಕೊಂಡೇ ಬಂದಿದ್ದರು. ಸಾವಿನ ಮನೆಯ ಮಾವೇ ಚಿತೆಗೆ ಆಗಬೇಕು, ಅದನ್ನು ಬುಡದಿಂದಲೇ ಕಡಿಯಬೇಕು, ನಮ್ಮ ಮನೆಯ ಕ್ರಮ ಹಾಗೆ. ಆಸ್ಪತ್ರೆಯಲ್ಲಿ ಅವಳ ಬಳಿ ಕೂತು ಸೋತು ಬಂದಿದ್ದ ನೀನು ಮರವನ್ನು ತಬ್ಬಿಕೊಂಡು, "ಪೂರ್ತಿ ಬೇಡ ಅಣ್ಣಾ, ಅತ್ತಿಗೆ ಮಿಡಿ ಉಪ್ಪಿನಕಾಯಿ ಹಾಕ್ತಿದ್ದ ಮರ ಇದು, ಒಂದು ಕೊಂಬೆ ಸಾಕು" ಎಂದು ಅತ್ತುಬಿಟ್ಟೆ. ನನಗೂ ಅದೇ ಸರಿ ಕಂಡಿತು. ಮಾರ್ಗದ ಬದಿಯ ದೊಡ್ಡ ಕೊಂಬೆ ಕೈಗೆ ಸಿಗುವಂತಿತ್ತು, ಅದನ್ನು ಕಡಿದರು, ಸಾಲದ್ದಕ್ಕೆ ಡಿಪೋದಿಂದ ಸೌದೆ ತರಿಸಿದೆವು. ಅಣ್ಣು ಮಾವ ಕೊಡಲಿ ಒರಸುತ್ತಾ, "ಅರ್ಧ ಕಡಿದ ಮರ ಮನೆಯಲ್ಲಿ ಇನ್ನೊಬ್ಬರನ್ನು ಕಾಯ್ತದೆ, ನೋಡ್ತಾ ಇರು" ಎಂದರು. ಅವರ ನಾಲಗೆ ನಿನಗೆ ಗೊತ್ತುಂಟಲ್ಲ, ಮದುವೆಯ ಚಪ್ಪರದಲ್ಲೂ ಹಾಗೆಯೇ ಮಾತಾಡುವವರು.

ಮಾರ್ಗದ ಬದಿಯ ಭಾರ ಹೋದ ಮೇಲೆ ಮರ ಮಳೆಗಾಲದಿಂದ ಮಳೆಗಾಲಕ್ಕೆ ಆಚೆ ವಾಲುತ್ತಾ ಬಂತು. ಇಂಟರ್‌ಮೀಡಿಯೆಟ್‌ನಲ್ಲಿ ಸೆಂಟರ್ ಆಫ್ ಗ್ರಾವಿಟಿ ಎಂದು ಒಂದು ಪಾಠವಿತ್ತು. ಅದರ ಗೆರೆ ಬುಡದ ಒಳಗೆ ಬಿದ್ದರೆ ವಸ್ತು ಉರುಳುತ್ತದೆಯೋ, ಹೊರಗೆ ಬಿದ್ದರೆ ಉರುಳುತ್ತದೆಯೋ ಮರೆತಿದ್ದೇನೆ, ಒಟ್ಟಿನಲ್ಲಿ ಉರುಳುತ್ತದೆ. ಈಗ ಮಾರ್ಗದ ಬದಿಯ ಬೇರು ಮಣ್ಣನ್ನು ಎತ್ತಿಕೊಂಡು ಮೇಲೆದ್ದಿದೆ. ಆ ಬಿರುಕಿನಲ್ಲಿ ನನ್ನ ಊರುಗೋಲು ಹಿಡಿಯವರೆಗೆ ಇಳಿಯುತ್ತದೆ. ಈ ವರ್ಷ ಕಾಯಿಯೂ ಎಂದಿಗಿಂತ ಹೆಚ್ಚು, ಎಲ್ಲವೂ ಮಗ್ದಲೀನ್ ಬಾಯಿಯ ಬದಿಗೆ. ತಾರಾನಾಥ ದಪ್ಪ ಹಗ್ಗ ತಂದು ಮರವನ್ನು ತೆಂಗಿಗೆ ಬಿಗಿದ. ಈಗ ತೆಂಗೂ ವಾಲುತ್ತಿದೆ.

ಬಂದರಿನಿಂದ ಮರ ಕೊಯ್ಯುವ ಕಾಸಿಮನನ್ನು ಕರೆಸಿದ್ದೆ. ಸುತ್ತ ನಡೆದು ನೋಡಿ, "ಬುಡಕ್ಕೆ ಗರಗಸ ಇಟ್ರೆ ಬಾಯಿಯ ಒಲೆ ಮೇಲೆಯೇ ಬೀಳುದು ಶೆಟ್ರೇ. ತುದಿಯಿಂದ ತುಂಡು ತುಂಡು ಕೊಯ್ದು ಹಗ್ಗದಲ್ಲಿ ಇಳಿಸ್ಬೇಕು, ಎರಡು ದಿನದ ಕೆಲಸ. ಆದ್ರೆ ಕಾಗದ ಇಲ್ಲದೆ ನಾನು ಮುಟ್ಟುದಿಲ್ಲ" ಎಂದ. ಮರ ಉಳಿಸುವ ಕಾನೂನು ಬಂದ ಮೇಲೆ ಪೇಟೆಯಲ್ಲಿ ನಮ್ಮದೇ ಹಿತ್ತಲಿನ ಮರಕ್ಕೂ ಪರವಾನಗಿ ಬೇಕು. 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ ಅರ್ಜಿ ಬರೆದೆ, ಮುಂದಿನದನ್ನು ತಾರಾನಾಥ ತಿದ್ದಿದ. ಅರಣ್ಯ ಕಚೇರಿಯಿಂದ ನೋಡಲು ಬಂದ ಅಧಿಕಾರಿ ಒಳ್ಳೆಯ ಹುಡುಗ. ಕಾಂಡವನ್ನು ಸವರಿ, "ಇಷ್ಟು ಚಂದದ ಮರ, ಕಡಿಯಲಿಕ್ಕೆ ನಿಮಗೆ ಮನಸ್ಸು ಹೇಗೆ ಬರ್ತದೆ?" ಎಂದು ಕೇಳಿದ. ಬಿರುಕು ತೋರಿಸಿದೆ. ಅವನು ಮೇಲೆ ಕಾಯಿ ನೋಡುತ್ತಿದ್ದ. ಸಿಟ್ಟು ಮಾಡಲೂ ಆಗಲಿಲ್ಲ, ಕುಶಲಾ ಇದ್ದಿದ್ದರೆ ಅವನಿಗೆ ಒಂದು ಭರಣಿ ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದಳು. ಮರ ಹಸಿರಾಗಿದೆ, ಆರೋಗ್ಯವಾಗಿದೆ, ಪರವಾನಗಿ ಇಲ್ಲ ಎಂದು ಉತ್ತರ ಬಂತು. ಮೇಲಿನ ಕಚೇರಿಗೆ ಬರೆದೆ. ಮಳೆಗಾಲ ಕಳೆದ ಮೇಲೆ ಪರಿಶೀಲಿಸುವರಂತೆ.

ಮಗ್ದಲೀನ್ ಬಾಯಿಗೆ ಎದುರಿನ ಜಗಲಿಯಲ್ಲಿ ಅಡುಗೆ ಮಾಡಿ ಎಂದೆ. ಉರ್ವದ ಹೋಟೆಲುಗಳಿಗೆಲ್ಲ ಅವರ ಅಕ್ಕಿ ಕಡುಬು 'ಸಣ್ಣ' ಬೇಯಿಸಿ ಕೊಡುವವಳು, ದೊಡ್ಡ ಒಲೆ ಎಲ್ಲಿಗೆ ಸಾಗಿಸಿಯಾಳು? "ನಿಮ್ಮ ಮಾವು ಬರುವ ಮೊದಲು ಹೇಳಿ ಕಳಿಸಿ ಶೆಟ್ರೇ, ಸಾರು ಇಳಿಸಿ ಇಡ್ತೇನೆ" ಎಂದು ನಕ್ಕಳು. ಆದರೆ ಸಂಜೆಯ ಜಪಸರ ಹಿಡಿದು ಕೂರುವಾಗ ಅವಳು ಈಗ ಶಿಲುಬೆಯ ಕಡೆ ಮುಖ ಮಾಡುವುದಿಲ್ಲ, ಕಿಟಕಿಯ ಕಡೆ ಮಾಡುತ್ತಾಳೆ. ನಿನ್ನೆ ಕಡಲ ಮೇಲೆ ಮೋಡ ಕಟ್ಟಿತ್ತು.

ಇನ್ನೇನು ಬರೆಯಲಿ. ಭಾವನಿಗೆ ನನ್ನ ವಂದನೆ, ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆಯೆಂದು ಹೇಳು. ನಿನಗೆ ದೇವರು ಗಟ್ಟಿ ಮಂಡಿ ಕೊಡಲಿ.

ನಿನ್ನ ಅಣ್ಣ,
ಶೀನಪ್ಪ

ಪಿ.ಎಸ್. ತಾರಾನಾಥ ಕಾಗದ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಅವನಿಗೆ ಕಾಣದಂತೆ ಬರೆಯುತ್ತೇನೆ. ನನ್ನ ಹೃದಯ ದೊಡ್ಡದಾಗಿದೆಯಂತೆ. "ಮಳೆಗಾಲ ದಾಟಿದರೆ ನೋಡುವ" ಎಂದರು ಡಾಕ್ಟರು, ಮುಂದೆ ಯಾವಾಗ ಬರಬೇಕೆಂದು ಹೇಳಲಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಸಾವಿನ ಮನೆಯಲ್ಲಿ ಚಿತೆಗೆ ಕಡಿಯುವ ಮಾವಿಗೆ ಈ ಊರಿನಲ್ಲಿ ಯಾರೂ ಪರವಾನಗಿ ಕಾಗದ ಕೇಳುವುದಿಲ್ಲ. ಕಾಸಿಮನನ್ನು ಕೇಳಿದೆ, ಅಂಥ ದಿನವಾದರೆ ಬರುತ್ತೇನೆ ಎಂದ, ಮತ್ತೆ ನನ್ನ ಮುಖ ನೋಡಲಿಲ್ಲ. ಮರ ಮೊದಲೋ ನಾನು ಮೊದಲೋ ತಿಳಿಯದು. ನಾನು ಮೊದಲಾದರೆ, ಹೊತ್ತು ಮೀರಿತೆಂದು ಅಣ್ಣು ಮಾವ ಬುಡಕ್ಕೇ ಕೊಡಲಿ ಹಾಕಿಸಲು ನೋಡುತ್ತಾರೆ, ಬಿಡಬೇಡ. ಬಾಯಿಯನ್ನು ಹೊರಗೆ ಕರೆದು ಒಲೆ ನಂದಿಸು, ಕಾಸಿಮ ತುದಿಯಿಂದ ಇಳಿಸಲಿ. ಎರಡು ದಿನವಾದರೆ ಆಗಲಿ, ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಸಿಗುತ್ತದೆ, ನನಗೆ ಅವಸರವಿರುವುದಿಲ್ಲ. ನೀನು ಚೌತಿಗೆ ಬರುತ್ತೇನೆಂದು ಬರೆದಿದ್ದೆ, ಅಷ್ಟು ತಡಮಾಡಬೇಡ. ಬಂದವಳು ಈ ಸಲ ಒಂದು ಕೊಂಬೆ ಸಾಕು ಎನ್ನಬೇಡ.