ನೆತ್ತಿಯ ಬೋಳು

ತಮ್ಮಾ ಹ್ಯಾಮೊ,

ಓದಲು ನೀನಿಲ್ಲ. ಆದರೂ ನೀನು ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಇವತ್ತು ರಾಜನ ನ್ಯಾಯಾಧೀಶನ ಮುಖ ನೀನು ನೋಡಬೇಕಿತ್ತು. ಚರ್ಚಿನವರ ವಿಚಾರಣೆ ಬಿಷಪ್ಪರಿಗೆ ಸೇರಿದ್ದು ನಿಜ, ಆದರೆ ಚರ್ಚಿನವನಾದರೆ ನೆತ್ತಿ ಬೋಳಾಗಿರಬೇಕು, ನಿನಗೆ ಕೂದಲು ಬೆಳೆದಿದೆ ಎಂದು ನಿನ್ನನ್ನು ನೇಣಿಗೆ ಹಾಕಿಸಿದವನು ಇವನೇ.

ಈ ಸಲ ಬೆಳ್ಳಿ ಬಟ್ಟಲು ಕದ್ದನೆಂದು ಸಿಕ್ಕಿಬಿದ್ದವನು ಚರ್ಚಿನ ಗಂಟೆ ಬಾರಿಸುವ ವೈಮಂಡ್. ಅವನ ನೆತ್ತಿಯಲ್ಲೂ ಕಾಡು ಬೆಳೆದಿತ್ತು. ನಿನ್ನೆ ಕ್ಷೌರದ ಕತ್ತಿ ಹಿಡಿದು ಸೆರೆಮನೆಗೆ ಹೋಗಿ ನಾನೇ ಬೋಳಿಸಿ ಬಂದೆ.

"ಈ ಬೋಳು ನಿನ್ನೆ ಮಾಡಿಸಿದ್ದು," ಎಂದು ನ್ಯಾಯಾಧೀಶ ಗುರುಗುಟ್ಟಿದ.

"ಇರಬಹುದು ಸ್ವಾಮಿ," ಎಂದರು ಬಿಷಪ್ಪರ ಕಡೆಯವರು. "ಬೋಳಿಸಿರ್ಬೇಕು ಅಂದಿದ್ದು ನೀವೇ ತಾನೆ? ಯಾವತ್ತು ಅಂತ ಹೇಳಿರ್ಲಿಲ್ಲ. ನಮ್ಮವನನ್ನ ನಮಗೆ ಕೊಡಿ, ನಾವು ವಿಚಾರಿಸ್ಕೋತೀವಿ."

ನೆರೆದವರೆಲ್ಲ ನಕ್ಕರು. ಬಿಷಪ್ಪರ ನ್ಯಾಯಸ್ಥಾನದಲ್ಲಿ ನೇಣಿಲ್ಲವಲ್ಲ, ವೈಮಂಡ್ ಎದೆಯುಬ್ಬಿಸಿಕೊಂಡೇ ಹೊರಗೆ ನಡೆದ. ಪೇಟೆಯವರು ನನಗೆ ಹೊಟ್ಟೆ ಬಿರಿಯುವಷ್ಟು ಬಾರ್ಲಿ ಹೆಂಡ ಕುಡಿಸಿದರು.

ಕತ್ತಿಯನ್ನು ಈಗ ದಿನವೂ ಮಸೆದೇ ಇಟ್ಟಿರುತ್ತೇನೆ. ನೆತ್ತಿ ಬೋಳಿಸು ಎಂದು ಬಾಗಿಲಿಗೆ ಬಂದವರಿಗೆ, ಎಷ್ಟೇ ಕೆಲಸವಿರಲಿ, ಅವತ್ತು ನಿನಗೆ ಅಂದ ಹಾಗೆ ನಾಳೆ ಬಾ ಅನ್ನುವುದಿಲ್ಲ.

ನಿನ್ನ ಅಣ್ಣ,
ಲಿಂಕನ್ ಪೇಟೆಯ ಕ್ಷೌರಿಕ ಓಡೊ