ನೋಡುತ್ತಿದ್ದ ಇಲಿ

ಮಂಗಳವಾರ, ಬೆಳಗಿನ ಜಾವ

ನನ್ನ ಅಕ್ಕಾ,

ಎರಡೂವರೆಗೆ ಎಚ್ಚರವಾಯಿತು. ಎಬ್ಬಿಸಿದ್ದು ಮಗುವಿನ ಅಳುವಲ್ಲ. ಅಡುಗೆಮನೆಯಲ್ಲಿ ಗುಳಿಗೆ ಡಬ್ಬಿಯ ಮುಚ್ಚಳದ ಕಟಕಟ ಸದ್ದು. ಮಕ್ಕಳು ತೆಗೆಯಬಾರದೆಂದು ಒತ್ತಿ ತಿರುಗಿಸುವ ಮುಚ್ಚಳ ಇಟ್ಟಿರುತ್ತಾರಲ್ಲ, ಅದು. ನೀನು ರಾತ್ರಿ ಪಾಳಿಯಲ್ಲಿ ಪ್ರಯೋಗದ ಇಲಿಗಳ ಕೋಣೆಯಲ್ಲಿದ್ದರೆ ಫೋನು ಹೊರಗಿನ ಪೆಟ್ಟಿಗೆಯಲ್ಲಿರುತ್ತದೆ, ಗೊತ್ತು. ಆದರೂ ಮಾಡಿದೆ, ಎತ್ತಲಿಲ್ಲ. ಚಹಾಕ್ಕೆ ಹೊರಗೆ ಬಂದಾಗಲಾದರೂ ಓದುತ್ತೀಯೆಂದು ಈ ಮೇಲ್. ಎಡಗೈಯಲ್ಲಿ ಮಗು, ಬಲಗೈ ಹೆಬ್ಬೆರಳಲ್ಲಿ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು.

ಹೋಗಿ ನೋಡಿದರೆ ನಿನ್ನ ಸಾರಥಿ. ಶಾಲೆಯ ಬಸ್ಸು ಓಡಿಸುವ ನನ್ನ ಗಂಡನಿಗೆ ಆ ಹೆಸರಿಟ್ಟು ನಗಿಸಿದವಳು ನೀನೇ. ದೀಪ ಹಾಕಿರಲಿಲ್ಲ. ಅಂಗೈಯಲ್ಲಿ ನನ್ನ ಗುಳಿಗೆಗಳು, ಹೆರಿಗೆಯ ಹೊಲಿಗೆ ನೋವಿಗೆಂದು ಡಾಕ್ಟರು ಕೊಟ್ಟಿದ್ದ ಆ ಅಮಲಿನ ಗುಳಿಗೆಗಳು. ನಾನು ಅವನ್ನು ಬಿಟ್ಟು ಎಷ್ಟೋ ಕಾಲವಾಯಿತು. ತಲೆನೋವಾ ಅಂತ ಕೇಳಿದೆ. ಇಲ್ಲ ಅಂದರು. ಮತ್ತೆ ಯಾಕೆ ಅಂದರೆ, "ಇದನ್ನ ತಗೊಂಡ್ರೆ ಒಂದಿಷ್ಟು ಹೊತ್ತು ಏನೂ ಅನ್ಸಲ್ಲ ಕಣೇ" ಅಂದರು, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಿದಷ್ಟೇ ಸಲೀಸಾಗಿ. ನನ್ನ ಚೀಟಿಯನ್ನೇ ಬೇರೆ ಬೇರೆ ಔಷಧಿ ಅಂಗಡಿಗಳಲ್ಲಿ ತೋರಿಸಿ ತರುತ್ತಿದ್ದರಂತೆ. ಹೆಂಡತಿಗೆ ಇನ್ನೂ ನೋವು ಅಂದರೆ ಸಾಕಂತೆ, ಪಾಪ ಅಂತ ಅಂಗಡಿಯವರು ಕೊಡುತ್ತಿದ್ದರಂತೆ.

ದೊಡ್ಡ ಇಲಿಯಿಂದ ಏಟು ತಿಂದ ಇಲಿ ಮೊದಲು ಮಂಕಾಗುತ್ತದೆ, ಸಿಹಿ ನೀರಿಟ್ಟರೂ ಬರೀ ನೀರಿಟ್ಟರೂ ಅದಕ್ಕೆ ಒಂದೇ, ಆಮೇಲೆ ಅಮಲಿನ ಮದ್ದು ಸಿಗುವ ಗುಂಡಿ ತೋರಿಸಿದರೆ ಉಳಿದವಕ್ಕಿಂತ ಹೆಚ್ಚು ಒತ್ತುತ್ತದೆ ಅಂತ ನೀನು ಎಷ್ಟು ಸಲ ಹೇಳಿದ್ದೆ. ಊಟದ ಹೊತ್ತಲ್ಲಿ ಇಲಿ ಸುದ್ದಿ ಬೇಡಮ್ಮ ತಾಯಿ ಅಂತ ನಾನು ಬಾಯಿ ಮುಚ್ಚಿಸುತ್ತಿದ್ದೆ. ನಿದ್ದೆಗೆಟ್ಟ ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆಯುತ್ತಿದ್ದೆನಲ್ಲ, ಮೂರು ಚಮಚ ಬೀಳದೆ ಲೋಟ ಮುಟ್ಟದ ಮನುಷ್ಯ ತುಟಿಪಿಟಕ್ಕೆನ್ನದೆ ಕುಡಿದಿಟ್ಟು ಹೋಗುತ್ತಿದ್ದರು. ಎಷ್ಟು ಹೊಂದಿಕೊಂಡು ಹೋಗ್ತಾರೆ ನೋಡು ಅಂತ ನಿನ್ನೆದುರು ಜಂಬ ಕೊಚ್ಚಿದೆ. ಪುಣ್ಯ ಮಾಡಿದ್ದೀಯ ಬಿಡೇ ಅಂದೆ ನೀನು. ಇಲಿಯಾಗಿದ್ದರೆ ಅವತ್ತೇ ನಿನಗೆ ತಿಳಿಯುತ್ತಿತ್ತು.

ಇವರಿಗೆ ಯಾರ ಏಟು ಬಿತ್ತು ಅಂತ ಯೋಚಿಸುತ್ತಿದ್ದೆ. ಆಗ ನಿನ್ನ ಇನ್ನೊಂದು ಇಲಿ ನೆನಪಾಯಿತು: ತೂತಿನ ಗಾಜಿನಾಚೆ ಕೂತು, ಜೊತೆಯದು ಏಟು ತಿನ್ನುವುದನ್ನು ಬರೀ ನೋಡುವ ಇಲಿ. ಮೈಮೇಲೆ ಒಂದು ಗೀರಿಲ್ಲದಿದ್ದರೂ ಅದೂ ಮಂಕಾಗುತ್ತದೆ ಅಂದಿದ್ದೆ. ಹೆರಿಗೆಯಲ್ಲಿ ನನಗೆ ರಕ್ತ ನಿಲ್ಲದೆ ಹೋದಾಗ, ಗಡಿಬಿಡಿಯಲ್ಲಿ ಇವರನ್ನು ಹೊರಗೆ ಕಳಿಸಲು ಯಾರಿಗೂ ತೋಚಲಿಲ್ಲ. ಗೋಡೆಗೆ ಆತು ನಿಂತೇ ಇದ್ದರು. ನನಗೆ ಪ್ರಜ್ಞೆಯೇ ಇರಲಿಲ್ಲ, ನಾನು ಏನನ್ನೂ ನೋಡಲಿಲ್ಲ ಅಕ್ಕಾ. ಎಲ್ಲವನ್ನೂ ನೋಡಿದವರು ಇವರು. ಆದರೆ ಎಲ್ಲರೂ ವಿಚಾರಿಸಿದ್ದು ನನ್ನನ್ನೇ. ನರ್ಸಮ್ಮ ಮನೆಗೇ ಬಂದು ಅಳು ಬರುತ್ತಾ, ಮಗು ಮೇಲೆ ಸಿಟ್ಟು ಬರುತ್ತಾ ಅಂತ ಕೇಳಿದಳು. ಪಕ್ಕದಲ್ಲೇ ಮಗುವಿನ ಬಟ್ಟೆ ಮಡಚುತ್ತಿದ್ದವರಿಗೆ, "ನಿಮ್ಗೇನು ಬಿಡಿ ಸಾರ್, ಬಂಡೆ ಇದ್ದ ಹಾಗಿದ್ದೀರಿ" ಅಂದಳು. ಬಂಡೆ ನಕ್ಕಿತು. ನಾನೂ ನಕ್ಕೆ.

ಬೆಳಗ್ಗೆ ಏಳಕ್ಕೆ ಬಸ್ಸು ತೆಗೆಯಬೇಕು. ಮೊನ್ನೆ ತಿರುವಿನಲ್ಲಿ ಕಣ್ಣು ಎಳೆದುಕೊಂಡು ಹೋಯಿತಂತೆ. ಹಿಂದಿನ ಸೀಟಿನ ಹುಡುಗಿ ಅಂಕಲ್ ಅಂತ ಕಿರುಚಿದ್ದಕ್ಕೆ ಎಚ್ಚರವಾಯಿತಂತೆ. ಇದನ್ನು ಹೇಳಿದ್ದೂ ಈಗಲೇ. ಆ ಹುಡುಗಿ ಯಾರ ಮಗಳೋ, ಅವಳ ತಾಯಿ ಈಗ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿರುತ್ತಾಳೆ.

ಬಸ್ಸಿನ ಕೀಲಿ ನನ್ನ ಹತ್ತಿರ ಇದೆ, ಬಚ್ಚಿಟ್ಟಿದ್ದೇನೆ. ಇವರು ಮಲಗಿದ್ದಾರೆ. ಡಬ್ಬಿಯನ್ನು ಏನು ಮಾಡಲಿ? ಒಮ್ಮೆಲೇ ನಿಲ್ಲಿಸಿದರೆ ಇಲಿಗಳು ನಡುಗುತ್ತವೆ ಅಂದಿದ್ದೆ, ಅದಕ್ಕೇ ಚೆಲ್ಲಲೂ ಹೆದರಿಕೆ. ಯಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ? ನನ್ನ ಮಾತಿಗೆ ಆಯ್ತು ಆಯ್ತು ಅನ್ನುತ್ತಾರೆ, ನಿನ್ನ ಮಾತನ್ನು ಕೇಳುತ್ತಾರೆ. ಬಯ್ಯಬೇಡ, ಸಾರಥಿ ಅಂತಲೇ ಕರೆದು ಮಾತಾಡು.

ನಿನ್ನ ತಂಗಿ

ಇನ್ನೊಂದು ಮಾತು: ಮಲಗಿದ್ದಾರೆ ಅಂತ ಬರೆದದ್ದು ಸುಳ್ಳು. ಎದುರಿಗೇ ಕೂತಿದ್ದಾರೆ. ಕೀಲಿಯನ್ನು ನಾನು ಕಿತ್ತುಕೊಳ್ಳಲಿಲ್ಲ. ಅವರೇ ಕೈಗಿಟ್ಟು, ನಾನೇ ಬಂದು ಕೇಳಿದ್ರೂ ಕೊಡ್ಬೇಡ ಅಂದರು. ಆಮೇಲೆ ಎರಡು ಸಲ ಕೇಳಿದ್ದಾರೆ. ಎರಡನೇ ಸಲ ಕೇಳಿದ ದನಿ ನನಗೆ ಗುರುತಿನದಲ್ಲ. ಇನ್ನೊಮ್ಮೆ ಇಲ್ಲ ಅನ್ನುವ ಶಕ್ತಿ ನನಗಿಲ್ಲ ಅಕ್ಕಾ. ಬೆಳಗಾಗುವುದರೊಳಗೆ ಫೋನ್ ಮಾಡೇ, ದಮ್ಮಯ್ಯ.